ರುಚಿ ನೋಡದ ರಸ

ನಮ್ಮ ಸಭೆಯಲ್ಲಿ ತಿಂಗಳ ಮೊದಲ ರವಿವಾರ ಪ್ರಭುಭೋಜನ. ಒಂದು ಚೂರು ರೊಟ್ಟಿ, ಹೆಬ್ಬೆರಳ ಗಾತ್ರದ ಲೋಟದಲ್ಲಿ ದ್ರಾಕ್ಷಾರಸ. ವಿಜಯಪುರದ ಆ ಚಿಕ್ಕ ಚರ್ಚಿಗೆ ಬರುವವರಲ್ಲಿ ಹೆಚ್ಚಿನವರು ಆ ರಸ ಎಲ್ಲಿಂದ ಬರುತ್ತದೆ ಎಂದು ಯೋಚಿಸಿರಲಿಕ್ಕಿಲ್ಲ. ಅದು ತಿಕೋಟಾದಿಂದ, ನನ್ನ ಅಡುಗೆಮನೆಯಿಂದ ಬರುತ್ತಿತ್ತು. ಹೆಸರಿಗಷ್ಟೇ ಅದು ದ್ರಾಕ್ಷಾರಸ. ಮದ್ಯದ ವಾಸನೆ ಸುಳಿದರೂ ಸಾಕು, ನಮ್ಮ ಹಿರಿಯರು ಅಂದೇ ಮೀಟಿಂಗ್ ಕರೆಯುವಂಥವರು. ಹಾಗಾಗಿ ನಾನು ಮಾಡುತ್ತಿದ್ದುದನ್ನು ಒಣದ್ರಾಕ್ಷಿಯ ಕಷಾಯ ಅಂದರೂ ತಪ್ಪಿಲ್ಲ.

ತಿಕೋಟಾದ ಸುತ್ತ ಎತ್ತ ನೋಡಿದರೂ ದ್ರಾಕ್ಷಿ ತೋಟ, ದ್ರಾಕ್ಷಿ ಒಣಗಿಸುವ ಶೆಡ್ಡು. ಒಣಗಿದ್ದಕ್ಕೆ ನಮ್ಮಲ್ಲಿ ಮನೂಕ ಅನ್ನುತ್ತಾರೆ. ಕರಿ ಮನೂಕ ತಂದು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಮೂರು ನಾಲ್ಕು ತಾಸು ನೆನೆಹಾಕಿ, ಹಿಸುಕಿ, ಒಂದು ಲವಂಗ ಹಾಕಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಬೇಕು. ಕೊನೆಗೆ ನಾಲಿಗೆಗೆ ಹಚ್ಚಿ ನೋಡಿ ಸಕ್ಕರೆ ಹಾಕಬೇಕು. ಒಂದೊಂದು ತೋಟದ ಮನೂಕಕ್ಕೆ ಒಂದೊಂದು ಗುಣ, ಆದ್ದರಿಂದ ಸಕ್ಕರೆಗೆ ನಾಲಿಗೆಯೇ ಅಳತೆ. ಈ ಕೆಲಸವನ್ನು ಸಭೆ ನನಗೆ ವಹಿಸಿದ್ದು ನನ್ನ ಭಕ್ತಿ ನೋಡಿ ಅಲ್ಲ, ನಮ್ಮ ಊರಿನಲ್ಲಿ ಮನೂಕ ಚೆನ್ನಾಗಿ ಸಿಗುತ್ತದೆ ಎಂದು.

ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ನನ್ನ ಗಂಡ ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಮಗೆ ಮಕ್ಕಳಿಲ್ಲ. ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಆದ್ದರಿಂದ ದೇವರ ವಿಷಯದಲ್ಲಿ ಜಗಳ ಆಡಬೇಕಾದರೂ ನಾವಿಬ್ಬರೇ ಆಡಿಕೊಳ್ಳಬೇಕಿತ್ತು. ಚೆನ್ನಾಗಿಯೇ ಆಡುತ್ತಿದ್ದೆವು.

ಮನುಷ್ಯ ಹುಟ್ಟುತ್ತಲೇ ಪಾಪದಲ್ಲಿ ಹುಟ್ಟುತ್ತಾನೆ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಒಂದನೆಯ ತರಗತಿಗೆ ಪಾಠ ಮಾಡಿಯೇ ತಲೆ ನೆರೆಸಿಕೊಂಡ ನನ್ನಂಥವಳಿಗೆ ಇದನ್ನು ನಂಬಲು ಏನೂ ಕಷ್ಟವಿಲ್ಲ. ಯಾರೂ ಕಲಿಸದಿದ್ದರೂ ಮಕ್ಕಳು ಪಕ್ಕದವನ ಪೆನ್ಸಿಲ್ ಬಚ್ಚಿಡುತ್ತವೆ, ಯಾರೂ ಕಲಿಸದಿದ್ದರೂ ಸುಳ್ಳು ಹೇಳುತ್ತವೆ. ನಾನು ಹೀಗೆಂದರೆ ನನ್ನ ಗಂಡ ಚಹಾದ ಕಪ್ಪು ಕೆಳಗಿಟ್ಟು ಶುರು ಮಾಡುತ್ತಿದ್ದರು.

“ಸುಳ್ಳು ಹೇಳುವಾಗ ಕಣ್ಣು ಕೆಳಗ ಹಾಕ್ತಾವಲ್ಲ, ಅದನ್ನ ಯಾರು ಕಲಿಸ್ಯಾರ? ದೇವರು ಮನುಷ್ಯಾನ್ನ ತನ್ನಂಗ ಮಾಡ್ಯಾನ ಅನ್ನೋದಕ್ಕ ಅದ ಗುರುತು. ನೀ ಬರೇ ಬಿದ್ದದ್ದನ್ನ ನೋಡ್ತಿ.”

“ನೀವು ಬರೇ ಎದ್ದದ್ದನ್ನ ನೋಡ್ತೀರಿ. ಹೈಸ್ಕೂಲಿಗೆ ಬರೂದ್ರಾಗ ಅವು ಕಣ್ಣು ಕೆಳಗ ಹಾಕೂದನ್ನೂ ನಾಟಕ ಮಾಡಾಕ ಕಲ್ತಿರ್ತಾವ.”

ಈ ವಾದ ಮದುವೆಯಾದ ವರ್ಷ ಶುರುವಾಗಿ ಕೊನೆಯವರೆಗೂ ಮುಗಿಯಲಿಲ್ಲ. ಮುಗಿಸುವ ಮನಸ್ಸು ಇಬ್ಬರಿಗೂ ಇರಲಿಲ್ಲ ಅನ್ನಿ. ಕೊನೆಗೆ ಅವರೇ ಮುಗಿಸಿಕೊಂಡು ಹೋದರು. ವಿಜಯಪುರದ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ಕುಳಿತು ನಾನು ಕಲಿತ ಪ್ರಾರ್ಥನೆಗಳನ್ನೆಲ್ಲ ಮಾಡಿದೆ. ಅವು ಸಾಲದಾದಾಗ ನನ್ನದೇ ಮಾತಿನಲ್ಲಿ ಬೇಡಿಕೊಂಡೆ. ಅವರು ಉಳಿಯಲಿಲ್ಲ. ಮನೆಗೆ ಬಂದವರೆಲ್ಲ ದೇವರ ಚಿತ್ತ ಅಂದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆದರೆ ದುಃಖದ ಮನೆಯಲ್ಲಿ ಸಿಟ್ಟು ತೋರಿಸಿದರೆ ಅದನ್ನೂ ದುಃಖವೆಂದೇ ತಿಳಿಯುತ್ತಾರೆ.

ಆಮೇಲೆ ನನಗೆ ಪ್ರಾರ್ಥನೆ ಬರಲಿಲ್ಲ. ದೇವರಿಲ್ಲ ಎಂದು ತೀರ್ಮಾನಿಸಿದೆ ಅಂತಲ್ಲ. ತಲೆ ಬಗ್ಗಿಸಿ ಕಣ್ಣು ಮುಚ್ಚಿದರೆ ಒಳಗೆ ಏನೂ ಇರುತ್ತಿರಲಿಲ್ಲ, ಅಷ್ಟೇ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಚಿಂತೆ ಬರುತ್ತಿತ್ತು. ಮನುಷ್ಯ ಪಾಪಿ ಎಂದು ನಾನು ಹೇಳಿದರೆ ಅಲ್ಲ ಅನ್ನಲು ಯಾರೂ ಇಲ್ಲದ ಮೇಲೆ ಆ ಮಾತಿನಲ್ಲೂ ನನಗೆ ನಂಬಿಕೆ ಹೋಯಿತು. ಸಭೆಯವರು ಮನೆಗಳಲ್ಲಿ ಪ್ರಾರ್ಥನಾ ಕೂಟ ನಡೆಸಿದಾಗ, “ಟೀಚರ್, ನೀವು ಪ್ರಾರ್ಥನಾ ಮಾಡ್ರಿ” ಅನ್ನುತ್ತಿದ್ದರು. ನಾನು ಗಂಟಲು ಮುಟ್ಟಿ ತೋರಿಸುತ್ತಿದ್ದೆ. ಒಬ್ಬರು ಜ್ಯೇಷ್ಠಮಧು ತಂದುಕೊಟ್ಟರು, ಇನ್ನೊಬ್ಬರು ಉಪ್ಪುನೀರು ಮುಕ್ಕಳಿಸಲು ಹೇಳಿದರು. ಎರಡು ವರ್ಷ ನನ್ನ ಗಂಟಲಿಗಾಗಿ ಸಭೆ ಪ್ರಾರ್ಥಿಸಿತು, ಗಂಟಲು ಮಾತ್ರ ಸುಖವಾಗಿತ್ತು.

ಹಾಗಿದ್ದೂ ತಿಂಗಳಿಗೊಮ್ಮೆ ರಸ ಮಾಡಿಕೊಂಡು ಹೋಗುತ್ತಿದ್ದೆ. ಕುದಿಯುವ ಪಾತ್ರೆಯ ಮುಂದೆ ನಿಂತಾಗ ಇದು ಕಳ್ಳತನವೆಂದು ಅನ್ನಿಸತೊಡಗಿತು. ಪ್ರಾರ್ಥನೆ ಮಾಡಲಾರದವಳು ಎಲ್ಲರ ಪ್ರಾರ್ಥನೆಗೆ ಪಾತ್ರೆ ತುಂಬುವುದೇನು? ಹೋದ ಜನವರಿಯಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದೆ. ಫೆಬ್ರುವರಿಯ ಭೋಜನವೇ ಕೊನೆಯದು. ಅಂದು ಸಭಾಪಾಲಕರಿಗೆ, ಅಂದರೆ ನಮ್ಮ ಪಾಸ್ಟರಿಗೆ, ಹೇಳಿಬಿಡುವುದು, ರಸ ಬೇರೆಯವರು ಮಾಡಲಿ, ನಾನೂ ಇನ್ನು ಬರುವುದಿಲ್ಲ ಎಂದು. ಚರ್ಚು ಬಿಟ್ಟರೆ ವಾರದಲ್ಲಿ ಒಂದು ದಿನವೂ ನನಗೆ ಹೋಗುವ ಜಾಗ ಉಳಿಯುವುದಿಲ್ಲ ಎಂಬುದು ಗೊತ್ತಿತ್ತು. ಆದರೂ ಸುಳ್ಳಾಗಿ ಕುಳಿತುಕೊಳ್ಳುವುದಕ್ಕಿಂತ ಒಂಟಿಯಾಗಿ ಕುಳಿತುಕೊಳ್ಳುವುದು ವಾಸಿ ಅನ್ನಿಸಿತು.

ಹಾಗೆ ನಿರ್ಧರಿಸಿದ ವಾರದಲ್ಲೇ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುಂಗೈ ಮುರಿಯಿತು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಆಗ ನನ್ನ ಕೈಯಾಗಿ ನಿಂತವಳು ಪಕ್ಕದ ಮನೆಯಾಕೆ. ತವರು ಮಮದಾಪುರ, ವಯಸ್ಸು ನನ್ನದೇ. ಗಂಡ, ಮಗ ಕುರಿ ಹಿಂಡಿನ ಜೊತೆ ಊರೂರು ತಿರುಗುತ್ತಾರೆ, ಇವಳು ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಾಳೆ. ಈ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುವುದು ವಾಡಿಕೆ. ನಿವೃತ್ತಿಯಾದ ಮೇಲೂ ಅವಳಿಗೆ ನಾನು ಅಕ್ಕೋರೇ. ರೊಟ್ಟಿ ಬಡಿದುಕೊಟ್ಟಳು, ತಲೆ ಬಾಚಿದಳು, ಜಡೆ ಎಳೆದಾಗ ನಾನು ಕೂಗಿದರೆ, “ಸಾಲಿ ಹುಡುಗರ ಕಿವಿ ಹಿಂಡಿದ್ದು ನೆನಪ ಮಾಡ್ಕೋರಿ” ಎಂದು ನಕ್ಕಳು.

ಕೈ ನೋಡಲೆಂದು ಸಭಾಪಾಲಕರು ತಿಕೋಟಾಕ್ಕೆ ಬಂದಿದ್ದರು. ನನಗಿಂತ ಬಹಳ ಚಿಕ್ಕವರು, ಚಹಾಕ್ಕೆ ಸಕ್ಕರೆ ಜಾಸ್ತಿ ಬೇಡುವವರು. ನಾನು ಸುತ್ತಿ ಬಳಸಿ ಕೇಳಿದೆ. ನಂಬಿಕೆ ಇಲ್ಲದ ಕೈಯಿಂದ ರಸ ತಯಾರಾದರೆ ಅದು ನಡೆಯುತ್ತದೆಯೇ ಎಂದು. ನಾನು ಪಕ್ಕದ ಮನೆಯಾಕೆಯ ವಿಷಯ ಕೇಳುತ್ತಿದ್ದೇನೆ ಎಂದು ಅವರು ತಿಳಿದರು. ಅವಳಿಂದ ಮಾಡಿಸುವುದೆಂದು ಆಗಲೇ ಮಾತಾಗಿತ್ತು.

“ನಡೀತದ್ರಿ ಟೀಚರ್. ಕೊಡೋ ಕೈ ಒಳ್ಳೇದಿರಬೇಕು ಅಂದ್ರ ನಾನೂ ರೊಟ್ಟಿ ಮುರಿಯಾಕ ಬರೂದಿಲ್ಲ. ಕೃಪಾ ಕೊಡಾಂವ ದೇವರು. ನಮ್ಮ ಕೈ ಬರೇ ದಾರಿ.”

ಶಾಸ್ತ್ರವೇನೋ ಸರಿಯಾಗಿತ್ತು. ಸಿಟ್ಟು ಬಂದದ್ದೂ ಅದಕ್ಕೇ. ನನ್ನ ಕೈ ಒಳ್ಳೆಯದೋ ಕೆಟ್ಟದ್ದೋ ಲೆಕ್ಕಕ್ಕೇ ಇಲ್ಲ ಅಂದರೆ ನಾನು ಯಾತಕ್ಕೆ? ನನ್ನ ಗಂಡ ಇದ್ದಿದ್ದರೆ ಇದಕ್ಕೆ ಏನಾದರೂ ಅಡ್ಡಮಾತು ಹೇಳುತ್ತಿದ್ದರು. ಸಭಾಪಾಲಕರು ಪ್ರಾರ್ಥಿಸಿ ಹೋದರು, ನಾನು ಚಹಾದ ಕಪ್ಪುಬಸಿ ತೆಗೆದಿಟ್ಟೆ.

ಶನಿವಾರ ಪ್ಲಾಸ್ಟರ್ ತೋರಿಸಲು ನಾನು ವಿಜಯಪುರಕ್ಕೆ ಹೋಗಬೇಕಿತ್ತು. ಅವಳಿಗೆ ಎಲ್ಲ ಹೇಳಿಕೊಟ್ಟು, ಮನೂಕದ ಡಬ್ಬಿ ತೋರಿಸಿ, ಕೀಲಿ ಕೊಟ್ಟು ಹೋದೆ. “ನಾಲಗಿಗೆ ಹಚ್ಚಿ ನೋಡಿ ಸಕ್ರಿ ಹಾಕು” ಎಂದು ಎರಡೆರಡು ಸಲ ಹೇಳಿದೆ. ಸಂಜೆ ಬಂದು ನೋಡಿದರೆ ಅಡುಗೆಮನೆ ಸಾರಿಸಿದಷ್ಟು ಚೊಕ್ಕ. ಊದಿನಕಡ್ಡಿಯ ವಾಸನೆ. ಸ್ಟೀಲಿನ ಕ್ಯಾನಿಗೆ ತೊಳೆದ ಬಿಳಿ ಬಟ್ಟೆ ಕಟ್ಟಿ ಎತ್ತರದ ಕಟ್ಟೆಯ ಮೇಲೆ ಇಟ್ಟಿದ್ದಳು. ಮನೂಕದ ಡಬ್ಬಿ ತುಂಬಿದಂತೆಯೇ ಇತ್ತು.

“ಮನೂಕ ಹಾಕಿಲ್ಲೇನವಾ?”

“ಹ್ವಾದ ವರ್ಷದ ಒಣಾ ಹಣ್ಣ ದೇವರಿಗೆ ಹೆಂಗ ಏರಸೂದ್ರಿ? ನಾ ದುಡಿಯೂ ತ್ವಾಟದಾಗ ನಿನ್ನಿಯಿಂದ ಕಟಾವು ಚಾಲೂ ಮಾಡ್ಯಾರ. ಇನ್ನೂ ಯಾರ ಬಾಯಿಗೂ ಬಿದ್ದಿಲ್ಲ. ಮೊದಲಿನ ಗೊಂಚಲಾ ಬೇಡಿ ತಂದೇನಿ. ಮಾಲಕ ಇಲ್ಲ ಅನಲಿಲ್ಲ.”

ಫೆಬ್ರುವರಿಯ ಮೊದಲ ಕಟಾವು ಅಂದರೆ ಬಣ್ಣ ಬಂದಿರುತ್ತದೆ, ಸಿಹಿ ಬಂದಿರುವುದಿಲ್ಲ.

“ರುಚಿ ನೋಡಿದ್ಯಾ?”

ಅವಳು ನಾಲಿಗೆ ಕಚ್ಚಿಕೊಂಡಳು. “ಏನ್ ಮಾತ ಆಡ್ತೀರಿ ಅಕ್ಕೋರ! ದೇವರಿಗೆ ಏರಸೂದನ್ನ ಎಂಜಲಾ ಮಾಡ್ತಾರೇನ್ರಿ? ಸಕ್ರಿ ಹಾಕೇನಿ. ನೀವು ಹಾಕೂವಾಗ ನೋಡಿದ್ನಲ್ಲ, ಅಷ್ಟ ಹಾಕೇನಿ.”

ನಾನು ಎಡಗೈಯಲ್ಲಿ ಚಮಚ ತೆಗೆದುಕೊಂಡೆ. ಅವಳು ಕ್ಯಾನನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು. ಪಾತ್ರೆಯಲ್ಲಿ ಉಳಿದದ್ದನ್ನೂ ಮುಟ್ಟಗೊಡಲಿಲ್ಲ. ದೇವರಿಗೆ ಮುಟ್ಟುವವರೆಗೆ ಅದೂ ದೇವರದೇ ಅಂತೆ. ಅವಳ ಮುಖ ಬಾಡಿತ್ತು. ಕೇಳಿದರೆ ಬೆಳಿಗ್ಗೆಯಿಂದ ಉಪವಾಸ ಅಂದಳು. ಅವಳು ಹೋದ ಮೇಲೆ ಆ ಪಾತ್ರೆಯನ್ನು ಫ್ರಿಜ್ಜಿನಲ್ಲಿಟ್ಟೆ. ಒಂದು ಚಮಚ ನೆಕ್ಕಬಹುದಿತ್ತು, ಅವಳೇನೂ ನೋಡುತ್ತಿರಲಿಲ್ಲ. ಏಕೋ ನೆಕ್ಕಲಿಲ್ಲ.

ರವಿವಾರ ಬೆಳಿಗ್ಗೆ ಕ್ಯಾನು ಹಿಡಿದುಕೊಂಡು ಬಸ್ಸಿನವರೆಗೆ ಅವಳೇ ಬಂದಳು, ಕಾಲಿಗೆ ಚಪ್ಪಲಿ ಇಲ್ಲ. ಕಂಡಕ್ಟರನಿಗೆ ನನ್ನ ಕೈ ತೋರಿಸಿ ಸೀಟು ಕೊಡಿಸಿದಳು. “ಕಾಲಾಗ ಇಡಬ್ಯಾಡ್ರಿ, ತೊಡಿ ಮ್ಯಾಲ ಇಟಗೋರಿ” ಎಂದು ಕಿಟಕಿಯಿಂದ ಕೂಗಿದಳು. ವಿಜಯಪುರದವರೆಗೂ ಆ ಕ್ಯಾನು ನನ್ನ ತೊಡೆಯ ಮೇಲೆಯೇ ಇತ್ತು. ಬಸ್ಸಿಳಿದು ಆಟೋ ಹತ್ತಿದೆ. ಗಾಂಧಿ ಚೌಕದ ಗದ್ದಲದಲ್ಲಿ ಆಟೋ ನಿಂತಾಗ, ಇವತ್ತಿಗೆ ಇದೆಲ್ಲ ಮುಗಿಯಿತು, ಇನ್ನು ರವಿವಾರ ಈ ಗದ್ದಲಕ್ಕೆ ಬರುವುದಿಲ್ಲ ಅಂದುಕೊಂಡೆ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ನಮ್ಮಲ್ಲಿ ಲೋಟಗಳನ್ನು ಎಲ್ಲರಿಗೂ ಹಂಚಿ ಒಟ್ಟಿಗೆ ಕುಡಿಯುತ್ತೇವೆ. ಸಭಾಪಾಲಕರು ಮಾತು ಮುಗಿಸಿ ಲೋಟ ಎತ್ತಿದರು, ನಾವೂ ಎತ್ತಿದೆವು. ಯೇಸುವಿನ ರಕ್ತದ ಗುರುತೆಂದು ಕುಡಿಯುವ ರಸ ಅದು. ಯಾರೂ ಉಗುಳುವಂತಿಲ್ಲ, ಕೆಮ್ಮುವಂತಿಲ್ಲ. ಹುಳಿ ಅಂದರೆ ಎಂಥ ಹುಳಿ! ಹಲ್ಲು ಜುಂ ಎಂದು ಕಿವಿ ಬಿಸಿಯಾಯಿತು. ಸಭಾಪಾಲಕರ ಒಂದು ಹುಬ್ಬು ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರ ಭುಜ ನಡುಗಿತು, ಪಶ್ಚಾತ್ತಾಪವೆಂದು ತಿಳಿದು ಪಕ್ಕದವರು ಅವರ ಬೆನ್ನು ಸವರಿದರು. ಹೆಂಗಸರ ಸಾಲಿನಲ್ಲಿ ಎಲ್ಲರ ಮುಖವೂ ಒಂದೇ ಸಲ ಕಿವುಚಿಕೊಂಡು ಒಂದೇ ಸಲ ಭಕ್ತಿಗೆ ತಿರುಗಿತು.

ನನಗೆ ನಗು ಬಂತು. ತಡೆಯಲಾರದಂಥ ನಗು, ಹೊಟ್ಟೆಯಿಂದ ಬಂದದ್ದು. ಕರವಸ್ತ್ರ ಬಾಯಿಗೆ ತುರುಕಿಕೊಂಡು, ಅಭ್ಯಾಸಬಲದಿಂದ ಗಂಡಸರ ಸಾಲಿನ ಕಡೆ, ಕಿಟಕಿಯ ಪಕ್ಕದ ಆ ಜಾಗಕ್ಕೆ ಕಣ್ಣು ಹಾಯಿಸಿದೆ. ಇಂಥ ಹೊತ್ತಿನಲ್ಲಿ ಅವರೂ ತುಟಿ ಬಿಗಿಹಿಡಿದು ನನ್ನ ಕಡೆ ನೋಡುತ್ತಿದ್ದರು. ಅಲ್ಲಿ ಬೇರೆ ಯಾರೋ ಕುಳಿತಿದ್ದರು. ನಗು ಅರ್ಧಕ್ಕೇ ನಿಂತಿತು. ಅವರು ಹೋದ ಮೇಲೆ ಅಳು ಎಷ್ಟೋ ಸಲ ಬಂದಿದೆ, ಆದರೆ ಒಬ್ಬಳೇ ನಗುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಆರಾಧನೆ ಮುಗಿದ ಮೇಲೆ ಹುಳಿಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಒಬ್ಬ ವಯಸ್ಸಾದ ಹೆಂಗಸು ಮಾತ್ರ ನನ್ನ ಎಡಗೈ ಹಿಡಿದು, “ಶಿಲುಬಿ ಮ್ಯಾಲ ಕರ್ತನಿಗೆ ಹುಳಿರಸ ಕೊಟ್ಟದ್ದು ನೆನಪಾತವಾ. ಇವತ್ತ ಖರೇನ ಭೋಜನ ಆತು” ಎಂದು ಕಣ್ಣೊರೆಸಿಕೊಂಡರು. ನಾನು ತಲೆಯಾಡಿಸಿದೆ.

ಸಭಾಪಾಲಕರು ಖಾಲಿ ಲೋಟಗಳನ್ನು ಜೋಡಿಸುತ್ತಿದ್ದರು. ರಸದ ಕಥೆ ಹೇಳಿದೆ, ಮೊದಲ ಗೊಂಚಲು, ಎಂಜಲು ಮಾಡದೆ ಬಿಟ್ಟದ್ದು ಎಲ್ಲ. ಅವರು ಬೆಂಚು ಹಿಡಿದುಕೊಂಡು ನಕ್ಕರು. ಅವರ ನಗು ಮುಗಿಯುವುದನ್ನು ಕಾದು ನಾನು ನನ್ನ ಮಾತು ಹೇಳಿಬಿಟ್ಟೆ. ನನಗೆ ಎರಡು ವರ್ಷದಿಂದ ಪ್ರಾರ್ಥನೆ ಬರುವುದಿಲ್ಲ, ಗಂಟಲು ನೋವು ಸುಳ್ಳು, ಇನ್ನು ನಾನು ಬರುವುದಿಲ್ಲ.

ಅವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಆಮೇಲೆ, “ನಿಮಗ ಬರದಿದ್ದಾಗ ನಿಮ್ಮ ಪರವಾಗಿ ನಾವು ಮಾಡ್ತೇವ್ರಿ ಟೀಚರ್. ಕೂಡಿ ಕುಂಡ್ರೂದು ಅದಕ್ಕಲ್ಲೇನು? ನಂಬಿಕಿ ಒಬ್ಬೊಬ್ಬರೇ ಹೊರೂ ಭಾರ ಅಲ್ಲ” ಅಂದರು.

ಮಾತು ಚೆನ್ನಾಗಿತ್ತು. ಆದರೆ ಸಂಜೆ ದೀಪ ಹಾಕುವ ಹೊತ್ತಿಗೆ ಆ ಮಾತು ತಿಕೋಟಾಕ್ಕೆ ಬಂದು ನನ್ನ ಎದುರಿಗೆ ಕೂರುವುದಿಲ್ಲ. ನೋಡೋಣ ಎಂದಷ್ಟೇ ಹೇಳಿ, ತೊಳೆದ ಖಾಲಿ ಕ್ಯಾನು ಹಿಡಿದು ಬಸ್ಸು ಹತ್ತಿದೆ. ಬರುವಾಗ ಅದನ್ನು ಕಾಲ ಬಳಿಯೇ ಇಟ್ಟುಕೊಂಡೆ. ಊರು ಮುಟ್ಟಿದಾಗ ಹೊತ್ತು ಇಳಿದಿತ್ತು.

ಅವಳು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ಕಂಡು ಗೋಡೆ ಹಿಡಿದು ಎದ್ದಳು.

“ಬಂದ್ರೇನ್ರಿ ಅಕ್ಕೋರ? ನಿಮ್ಮ ದೇವರಿಗೆ ಸೇರಿತೇನ್ರಿ?”

“ಸೇರಿತವಾ. ಒಬ್ಬರೂ ಒಂದು ಹನಿ ಬಿಡಲಿಲ್ಲ.” ಅಷ್ಟು ನಿಜವೇ ಆಗಿತ್ತು.

ಅವಳ ಮುಖ ಅರಳಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಲ ಅಂಗೈಯನ್ನು ಗುಳಿ ಮಾಡಿ, ಎಡಗೈ ಅದರ ಕೆಳಗೆ ಆನಿಸಿ ಮುಂದೆ ಚಾಚಿದಳು.

“ಕೊಡ್ರಿ.”

“ಏನು?”

“ಪರಸಾದ ರಿ. ನಿನ್ನಿಯಿಂದ ಬರೇ ನೀರು ಕುಡದೇನಿ. ಅದನ್ನ ತಗೊಂಡ ಉಪಾಸ ಬಿಡಬೇಕಲ್ರಿ?”

ದೇವರಿಗೆ ಏರಿಸಿದ್ದು ತಿರುಗಿ ಮನೆಗೆ ಬರುತ್ತದೆ, ಮಾಡಿದವರಿಗೆ ಮೊದಲು ಸಿಗುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ನಮ್ಮಲ್ಲಿ ಮನೆಗೆ ತರುವ ಪದ್ಧತಿ ಇಲ್ಲ, ಎಲ್ಲ ಅಲ್ಲಿಯೇ ಮುಗಿಸುತ್ತೇವೆ ಎಂದು ಹೇಳಿದೆ.

“ಮಾಡಿದವರಿಗೂ ಇಲ್ಲೇನ್ರಿ?”

ಅವಳು ನನ್ನ ಜೊತೆ ಚರ್ಚಿನೊಳಗೆ ಬಂದು ಕುಳಿತಿದ್ದರೂ ಅವಳಿಗೆ ಆ ಲೋಟ ಸಿಗುತ್ತಿರಲಿಲ್ಲ. ದೀಕ್ಷಾಸ್ನಾನ ಆದವರಿಗೆ ಮಾತ್ರ ಅದು. ಎರಡು ವರ್ಷ ಬಾಯಿ ತೆರೆಯದ ನನಗೆ ಸಿಗುತ್ತದೆ, ಎರಡು ದಿನ ಹಸಿದವಳಿಗೆ ಇಲ್ಲ. ಇದನ್ನು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಚಾಚಿದ ಕೈ ಇನ್ನೂ ಹಾಗೆಯೇ ಇತ್ತು. ನಾನು ಒಳಗೆ ಹೋಗಿ ಫ್ರಿಜ್ಜಿನಲ್ಲಿ ಉಳಿದಿದ್ದ ರಸವನ್ನು ಲೋಟಕ್ಕೆ ಹಾಕಿಕೊಂಡು ಬಂದೆ. ಇದು ಪ್ರಭುಭೋಜನವೇನೂ ಅಲ್ಲ, ಹಸಿದವಳಿಗೆ ಒಂದು ಗುಟುಕು ರಸ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಬಗ್ಗಿಸಲು ಹೋದರೆ ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಹಂಗ ಕೊಟ್ರ ಹೆಂಗ್ರಿ? ಇದು ಇನ್ನೂ ಮುಟ್ಟಿಲ್ಲ ಅವಗ. ನಿಮ್ಮ ದೇವರಿಗೆ ಒಂದ ಮಾತ ಹೇಳಿ ಕೊಡ್ರಿ.”

ಗಂಟಲು ಮುಟ್ಟಿ ತೋರಿಸುವಂತಿರಲಿಲ್ಲ. ಅಂದು ಬೆಳಿಗ್ಗೆ ಹಾಲಿನವನಿಗೆ ನಾನು ಬೈದದ್ದು ಓಣಿಗೆಲ್ಲ ಕೇಳಿಸಿತ್ತು. ಅವಳು ಕಣ್ಣು ಮುಚ್ಚಿ ಮತ್ತೆ ಕೈ ಚಾಚಿದಳು. ನಾನು ಎಡಗೈಯಲ್ಲಿ ಲೋಟ ಹಿಡಿದು ತಲೆ ಬಗ್ಗಿಸಿದೆ.

“ಕರುಣಾಮಯನಾದ ಕರ್ತನೇ” ಎಂದು ಶುರು ಮಾಡಿದೆ. ಚರ್ಚಿನ ಆ ಭಾಷೆ ಅಲ್ಲಿಗೇ ನಿಂತಿತು. ಮುಂದೆ ಏನೂ ಇಲ್ಲ, ಎಂದಿನ ಹಾಗೆಯೇ. ಬೀದಿಯಲ್ಲಿ ಯಾರದೋ ಮೋಟಾರ್ ಸೈಕಲ್ ಹೋಯಿತು. ಅವಳು ಅಲುಗಲಿಲ್ಲ.

“ಈಕಿ ನಿನ್ನಿಯಿಂದ ಉಂಡಿಲ್ಲ” ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. “ನಿನಗ ಅಂತ ಮಾಡ್ಯಾಳ. ಹುಳಿ ಆಗ್ಯಾದ, ನಿನಗೂ ಗೊತ್ತದ. ಮತ್ತ ನಾ... ನಾ ನಿನ್ನ ಜೋಡಿ ಮಾತು ಬಿಟ್ಟೇನಿ. ನೀ ಆದರೂ ಕೇಳಿದ್ಯಾ, ಯಾಕ ಮಾತಾಡವಲ್ಲಿ ಅಂತ? ಮನ್ಯಾಗ ಯಾರೂ ಇಲ್ಲ. ಚಾ ಮಾಡಿದ್ರ ಒಂದ ಕಪ್ಪ ಮಾಡ್ತೇನಿ. ಆಸ್ಪತ್ರ್ಯಾಗ ಅಷ್ಟ ಬೇಡಿಕೊಂಡೆ ನಿನ್ನ. ಇನ್ನೊಂದೀಟು ದಿನಾ ಕೊಟ್ಟಿದ್ರ ನಿನ್ನ ಗಂಟ ಏನ ಹೋಗತಿತ್ತು?”

ಲೋಟ ಅಲುಗಿ ಒಂದೆರಡು ಹನಿ ಪ್ಲಾಸ್ಟರಿನ ಮೇಲೆ ಬಿದ್ದವು. ನನ್ನ ಮಾತು ನಿಂತದ್ದು ತಿಳಿದು ಅವಳು ಒಂದು ಕಣ್ಣು ತೆರೆದಳು.

“ಮುಗೀತೇನ್ರಿ ಅಕ್ಕೋರ?”

ಅವಳ ಅಂಗೈಗೆ ರಸ ಬಗ್ಗಿಸುತ್ತಾ ಹೇಳಿದೆ. “ಇಲ್ಲವಾ, ಇನ್ನೂ ಭಾಳ ಅದ. ನೀ ಮೊದಲ ಕುಡದು ಊಟಾ ಮಾಡು. ನಾ ಹೇಳ್ತಿರ್ತೇನಿ.”